ಹಸಿರು ಪಟ್ಟೆಯ ಕಾರ್ಡು

ಕರಾಂಬೆ
14 ಆಗಸ್ಟ್ 2022

ಪ್ರೀತಿಯ ಕಲೀಮ,

ಕ್ಷೇಮವಾಗಿ ಬಂದು ಸೇರಿದೆ. ಫೋನ್ ಮಾಡೋಣವೆಂದರೆ ಮಗ್ಗದ ಸದ್ದಿನಲ್ಲಿ ಬೆಳೆದ ನಿನ್ನ ಕಿವಿಗೆ ನಾನು ಇಲ್ಲಿಂದ ಕಿರುಚಬೇಕು, ಪಕ್ಕದ ರೂಮಿನವರು ಏನೋ ಆಯಿತೆಂದು ಓಡಿ ಬರುತ್ತಾರೆ. ನಿನ್ನ ಕಂಪ್ಯೂಟರಿಗೆ ಮಗ ಅತೀಫ್ ಕನ್ನಡ ಹಾಕಿಕೊಟ್ಟಿದ್ದಾನಲ್ಲ, ಇನ್ನು ಮೇಲೆ ಹೀಗೇ ಕಾಗದ ಬರೆದುಕೊಳ್ಳೋಣ. ರಿಟೈರಾದ ಕನ್ನಡ ಮೇಷ್ಟ್ರಿಗೆ ತಪ್ಪು ತಿದ್ದಲು ಒಬ್ಬ ವಿದ್ಯಾರ್ಥಿ ಸಿಕ್ಕಂತಾಯಿತು.

ಈ ದೇಶ ಸ್ವತಂತ್ರವಾಗಿ ಈಗ ಒಂದು ವರ್ಷ. ಮಂತ್ರಿಗಳ ಕಚೇರಿಗಳಿಗೆ ಇನ್ನೂ ಬೋರ್ಡಿಲ್ಲ, ರಟ್ಟಿನ ಮೇಲೆ ಬರೆದು ಬಾಗಿಲಿಗೆ ಅಂಟಿಸಿದ್ದಾರೆ. ನೋಟು ಅಚ್ಚು ಹಾಕಿಸಲು ಒಬ್ಬ ಪೋರ್ಚುಗೀಸ್, ಕರೆಂಟಿಗೆ ಒಬ್ಬ ಕೀನ್ಯಾದವನು, ರೇಷನ್ ಕಾರ್ಡಿಗೆ ರಾಜಘಟ್ಟದ ರವಿಚಂದ್ರ. ಬಂದೂಕು ಹಿಡಿದವರು ಸ್ವಾತಂತ್ರ್ಯ ತಂದರು, ನಿಜ. ಆದರೆ ಮಾರನೆಯ ದಿನ ಜನಕ್ಕೆ ಅನ್ನ ಹಂಚಬೇಕಲ್ಲ, ಅದಕ್ಕೆ ನನ್ನಂಥ ಕಾಲಂ ಹಾಕುವವರು ಬೇಕು. ಮೂವತ್ತು ವರ್ಷ ಕಂಪ್ಯೂಟರಿನ ಮುಂದೆ ಕೂತು ನಮ್ಮ ರಾಜ್ಯದ ಬೋಗಸ್ ಕಾರ್ಡು ಹುಡುಕಿ ತೆಗೆದವನಿಗೆ ಒಂದು ಇಡೀ ದೇಶ ಖಾಲಿ ಹಾಳೆಯ ಹಾಗೆ ಸಿಕ್ಕಿದೆ. ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ ಕಣೋ.

ಇಲ್ಲಿ ಎರಡು ಬಗೆಯ ಜನ, ಹೊಳೆಯ ಕಡೆಯವರು ಮತ್ತು ಗುಡ್ಡದ ಕಡೆಯವರು. ಮಾತು ಒಂದೇ, ಮುಖವೂ ಒಂದೇ ಥರ. ಯಾರು ಯಾವ ಕಡೆಯವರೆಂದು ಅವರಿಗೇ ಎಷ್ಟೋ ಸಲ ಗೊತ್ತಾಗುವುದಿಲ್ಲವಂತೆ.

ನನ್ನ ಕೈಕೆಳಗಿನ ಅಧಿಕಾರಿ ತೊಮಾಸಿ. ನಲವತ್ತು ದಾಟಿದೆ, ಗುಡ್ಡದವನು. ಕೇಳು ತಮಾಷೆ. ಇವನು ಮೂರು ವರ್ಷ ನೆಲಮಂಗಲದಲ್ಲಿದ್ದು ಡಿಪ್ಲೊಮಾ ಓದಿದವನು! ಮೊದಲ ದಿನವೇ ನನ್ನ ಕುರ್ಚಿಯ ಒಂದು ಕಾಲು ಮುರಿದಿದ್ದು ಕಂಡು "ಸ್ವಲ್ಪ ಅಡ್ಜಸ್ಟ್ ಮಾಡಿ ಸಾರ್" ಎಂದ. ನಾನು ಬಿದ್ದು ಬಿದ್ದು ನಕ್ಕೆ. ಕನ್ನಡದಲ್ಲಿ ಮೊದಲು ಕಲಿತ ಮಾತು ಯಾವುದಯ್ಯಾ ಎಂದರೆ "ಮನೆ ಖಾಲಿ ಇಲ್ಲ" ಅಂತೆ. ಆಸಾಮಿ ಭಾರಿ ತಮಾಷೆಯವನು.

ನಿನ್ನ
ರವಿ

&nbsp;

ದೊಡ್ಡಬಳ್ಳಾಪುರ
2 ಸೆಪ್ಟೆಂಬರ್ 2022

ಮಾನ್ಯ ಸಲಹೆಗಾರರೇ,

ನಿನ್ನ ಕಾಗದದಲ್ಲಿ ತಪ್ಪು ಎರಡೇ ಇದ್ದವು, ಬಡ್ತಿ ಕೊಟ್ಟಿದ್ದೇನೆ. ನಿನ್ನ ಶಾಮಲಾ ತೀರಿಕೊಂಡ ಮೇಲೆ ಎರಡು ವರ್ಷ ನೀನು ಗೋಡೆ ನೋಡುತ್ತಾ ಕೂರುತ್ತಿದ್ದೆ. ಬಸ್‌ಸ್ಟ್ಯಾಂಡ್ ಹೋಟೆಲಿಗೆ ಕರೆದರೂ ಬರುತ್ತಿರಲಿಲ್ಲ. ಈಗ ದೇಶ ಕಟ್ಟುತ್ತಿದ್ದೀಯ. ಹಮೀದಾ ಹೇಳುತ್ತಾಳೆ, "ರವಿ ಭಾಯಿಗೆ ಒಂದು ಕೆಲ್ಸ ಕೊಟ್ಬಿಟ್ರೆ ಸಾಕು, ಊಟಾನೂ ಬೇಡ." ಅದು ನಿಜ. ಆದರೂ ಊಟ ಬಿಡಬೇಡ.

ಇಲ್ಲಿ ಎಲ್ಲ ಎಂದಿನಂತೆ. ತಮ್ಮನ ಮಗ್ಗಗಳು ಬೆಳಿಗ್ಗೆ ಶುರುವಾದರೆ ನಿಲ್ಲುವುದು ಕರೆಂಟು ಹೋದಾಗಲೇ. ಮಗಳು ಫಿಝಾಗೆ ಏರ್‌ಪೋರ್ಟಿನ ಹತ್ತಿರ ಒಳ್ಳೆಯ ಕೆಲಸ ಸಿಕ್ಕಿದೆ, ಆದರೆ ಪಾಳಿಯ ಕೆಲಸ. ದಿನಾ ಇಲ್ಲಿಂದ ಓಡಾಡುವುದು ಕಷ್ಟ, ದೇವನಹಳ್ಳಿಯಲ್ಲೇ ಒಂದು ಚಿಕ್ಕ ಮನೆ ನೋಡುತ್ತಿದ್ದೇವೆ. ಇನ್ನೂ ಸಿಕ್ಕಿಲ್ಲ, ಸಿಗುತ್ತೆ.

ತೊಮಾಸಿಯ ಮಾತು ಓದಿ ಹೇಳಿದೆ. ಹಮೀದಾ ನಕ್ಕಳು. ಫಿಝಾ ನಗಲಿಲ್ಲ, ಬಟ್ಟೆ ಮಡಿಸುತ್ತಾ ಕೂತಿದ್ದಳು.

ಕಲೀಮುಲ್ಲಾ

&nbsp;

ಕರಾಂಬೆ
20 ನವೆಂಬರ್ 2022

ಕಲೀಮ,

ಇವತ್ತು ಗೆದ್ದೆ. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಮೂರು ತಿಂಗಳಿಂದ ಒಂದೇ ಜಗಳ. ಕಾರ್ಡಿನಲ್ಲಿ ಹೊಳೆಯವರೋ ಗುಡ್ಡದವರೋ ಎಂದು ಬರೆಯಬೇಕೇ ಬೇಡವೇ? ಮಂತ್ರಿ ಹೊಳೆಯವರು, ಒಳ್ಳೆಯ ಮನುಷ್ಯ. "ನಾವೆಲ್ಲ ಈಗ ಒಂದೇ, ಯಾಕೆ ಕೇಳಬೇಕು?" ಎಂದರು. ನಾನು ಎದ್ದು ನಿಂತೆ. ಯುದ್ಧದಲ್ಲಿ ಗುಡ್ಡದವರ ಕಣಜಗಳು ಸುಟ್ಟುಹೋಗಿವೆ, ಅವರಿಗೆ ಒಂದೂವರೆ ಪಾಲು ಧಾನ್ಯ ಕೊಡದಿದ್ದರೆ ನ್ಯಾಯವಾಗುವುದಿಲ್ಲ. ಕೊಡಬೇಕಾದರೆ ಯಾರೆಂದು ಗೊತ್ತಿರಬೇಕು. "ಎಲ್ಲರೂ ಒಂದೇ ಎನ್ನುವವನು ಯಾವಾಗಲೂ ಹೊಟ್ಟೆ ತುಂಬಿದವನೇ" ಎಂದುಬಿಟ್ಟೆ. ಮಂತ್ರಿ ಒಪ್ಪಿ ಸಹಿ ಹಾಕಿದರು. ನಿನಗೆ ಗೊತ್ತಲ್ಲ, ತಾಲೂಕು ಕಚೇರಿಯ ಆ ಒಂದು ಜಾತಿ ಚೀಟಿ ಇಲ್ಲದಿದ್ದರೆ ನಾನು ಈಗಲೂ ರಾಜಘಟ್ಟದಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿಕೊಂಡಿರುತ್ತಿದ್ದೆ. ಬರೆದಿದ್ದಕ್ಕೇ ನಾನು ಇಂಜಿನಿಯರಾದೆ. ಕೇಳುವುದು ಅಷ್ಟೇ, ಬರೆದುಕೊಳ್ಳುವುದು ಅಷ್ಟೇ, ಅದರಲ್ಲಿ ಯಾರಿಗೇನು ನೋವು?

ಇನ್ನೊಂದು ಉಪಾಯ ನನ್ನದೇ. ಹಳ್ಳಿ ಅಂಗಡಿಗಳಲ್ಲಿ ಕರೆಂಟಿಲ್ಲ, ಅಂಗಡಿಯವನಿಗೆ ಓದು ಬರುವುದಿಲ್ಲ. ನಮ್ಮಲ್ಲಿ ಬಡವರಿಗೆ ಹಸಿರು ಕಾರ್ಡು ಕೊಡುತ್ತಿರಲಿಲ್ಲವೇ? ಹಾಗೆಯೇ ಗುಡ್ಡದವರ ಕಾರ್ಡಿನ ಅಂಚಿಗೆ ಹಸಿರು ಪಟ್ಟೆ, ಹೊಳೆಯವರದಕ್ಕೆ ನೀಲಿ. ಮಾರು ದೂರದಿಂದ ನೋಡಿದರೂ ಗೊತ್ತಾಗಬೇಕು. ತೊಮಾಸಿ ಮಾತ್ರ, "ಕಂಪ್ಯೂಟರಿನಲ್ಲಿ ಇರಲಿ ಸಾರ್, ಕಾರ್ಡಿನ ಮೇಲೆ ಬಣ್ಣ ಬೇಡ" ಎಂದ. ನಿಮ್ಮ ಜನಕ್ಕೇ ಅಲ್ಲವೇನಯ್ಯಾ ಲಾಭ ಎಂದೆ. ಕಿಟಕಿಯ ಕಡೆ ತಿರುಗಿ, ಆಯಿತು ಎಂದ.

ಫಿಝಾಗೆ ಮನೆ ಸಿಗಲಿಲ್ಲ ಎಂದೆಯಲ್ಲ, ನಿನಗೆ ಬುದ್ಧಿ ಇದೆಯೇನೋ? ದೇವನಹಳ್ಳಿಯ ನನ್ನ ಮನೆಯ ಮೇಲಿನ ಮಹಡಿ ಖಾಲಿ ಬಿದ್ದಿದೆ. ಕೆಳಗೆ ನಮ್ಮಕ್ಕ ಮುನಿರತ್ನಕ್ಕ ಇದ್ದಾಳೆ, ಹುಡುಗಿಗೂ ಜೊತೆಯಾಗುತ್ತದೆ. ಬಾಡಿಗೆ ಗೀಡಿಗೆ ಎಂದರೆ ಹಲ್ಲು ಮುರೀತೀನಿ. ಅಕ್ಕನಿಗೆ ಫೋನ್ ಮಾಡಿದ್ದೇನೆ, ಹೋಗಿ ಕೀ ತಗೊಳ್ಳಿ.

ರವಿ

&nbsp;

ದೊಡ್ಡಬಳ್ಳಾಪುರ
15 ಜನವರಿ 2023

ಪ್ರಿಯ ರವಿ,

ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಸಂಕ್ರಾಂತಿಗೆ ನಿಮ್ಮೂರಿನಿಂದ ನಿನ್ನ ತಮ್ಮ ಭೀಮರಾಜ್ ಎಳ್ಳುಬೆಲ್ಲ ತಂದುಕೊಟ್ಟ. ನೀನಿಲ್ಲದಿದ್ದರೂ ನಿನ್ನ ಪಾಲಿನ ಸಕ್ಕರೆ ಅಚ್ಚನ್ನು ನಾನೇ ತಿಂದೆ.

ಮನೆಯ ವಿಷಯ ಬಿಡು. ಫಿಝಾಗೆ ಆ ಕಡೆ ದೂರವಾಗುತ್ತದಂತೆ. ಬೇರೆ ನೋಡುತ್ತಿದ್ದೇವೆ. ಮುನಿರತ್ನಕ್ಕ ಚೆನ್ನಾಗಿದ್ದಾರೆ, ಕಾಫಿ ಕೊಟ್ಟರು.

ನಿನ್ನ ಪಟ್ಟೆಯ ವಿಷಯ ಒಂದು ಮಾತು. ನಾನು ಮೂರು ಸಲ ಗಣತಿಗೆ ಹೋದವನು. ಮನೆಮನೆ ಬಾಗಿಲಲ್ಲಿ ನಿಂತು ಹೆಸರು, ವಯಸ್ಸು, ಓದು ಎಲ್ಲ ಜೋರಾಗಿ ಕೇಳುತ್ತಿದ್ದೆ. ಜಾತಿಯ ಕಾಲಂ ಬಂದಾಗ ಮಾತ್ರ ದನಿ ತಾನಾಗಿ ಇಳಿದುಬಿಡುತ್ತಿತ್ತು. ಯಾರೂ ನನಗೆ ಹಾಗೆ ಹೇಳಿಕೊಟ್ಟಿರಲಿಲ್ಲ. ಎಷ್ಟೋ ಮನೆಗಳಲ್ಲಿ ಕುರ್ಚಿ ಹಾಕಿದವರು ಆಮೇಲೆ ನಿಧಾನವಾಗಿ ಕೇಳುತ್ತಿದ್ದರು, "ಮೇಷ್ಟ್ರೇ, ತಮ್ಮ ಹೆಸರೇನು?" ಹೇಳುತ್ತಿದ್ದೆ. ಕುರ್ಚಿಯನ್ನೇನೂ ಯಾರೂ ವಾಪಸು ತೆಗೆದುಕೊಳ್ಳುತ್ತಿರಲಿಲ್ಲ. ಆದರೂ ಅದರ ಮೇಲೆ ಕೂತ ನನಗೆ ಏನೋ ವ್ಯತ್ಯಾಸ ಗೊತ್ತಾಗುತ್ತಿತ್ತು.

ನೀನು ಬರೆದುಕೊಳ್ಳುವುದು ಸರಿ. ಬರೆಯದಿದ್ದರೆ ನಿನ್ನಂಥವರು ಮೇಲೆ ಬರುತ್ತಿರಲಿಲ್ಲ, ಒಪ್ಪಿದೆ. ಅದನ್ನು ಜನ ಜೇಬಿನಲ್ಲಿ ಇಟ್ಟುಕೊಂಡು ತಿರುಗಬೇಕೇ, ಅಷ್ಟೇ ನನ್ನ ಅನುಮಾನ. ನಾನು ಹಳ್ಳಿ ಮೇಷ್ಟ್ರು, ನಿನಗೆ ತಿಳಿದಷ್ಟು ನನಗೆ ತಿಳಿಯದು.

ಕಲೀಮ

&nbsp;

ಕರಾಂಬೆ
3 ಮಾರ್ಚ್ 2023

ಮೇಷ್ಟ್ರೇ,

ನಿನ್ನ ಕಾಗದ ಓದಿ ಸ್ವಲ್ಪ ಕೋಪ ಬಂತು, ಸುಳ್ಳು ಯಾಕೆ ಹೇಳಲಿ. ದನಿ ತಗ್ಗಿಸುವುದೇ ತಪ್ಪು ಕಣೋ. ಎಲ್ಲರೂ ದನಿ ತಗ್ಗಿಸಿದ್ದರಿಂದಲೇ ನಮ್ಮ ಅಪ್ಪ ಸಾಯುವ ತನಕ ಗೌಡರ ಜಗಲಿ ಹತ್ತಲಿಲ್ಲ. ಇಲ್ಲಿ ಹಾಗಾಗಬಾರದು. ಇಲ್ಲಿ ಗುಡ್ಡದವನು ಹಸಿರು ಪಟ್ಟೆ ತೋರಿಸಿ ಎದೆ ಸೆಟೆಸಿ ನಿಲ್ಲಬೇಕು.

ಮೊದಲ ಕಾರ್ಡು ಅಚ್ಚಾಯಿತು. ಮಾದರಿಗೆ ಯಾರ ಕಾರ್ಡು ಮಾಡೋಣವೆಂದು ಯೋಚಿಸಿ ತೊಮಾಸಿಯನ್ನೇ ಕೂರಿಸಿದೆವು. ಅದರ ಚಿತ್ರ ಈ ಕಾಗದಕ್ಕೆ ಲಗತ್ತಿಸಿದ್ದೇನೆ, ನೋಡು. ಬಣ್ಣ ಎಷ್ಟು ಚೆನ್ನಾಗಿ ಬಂದಿದೆ! ನೀರಿನಲ್ಲಿ ನೆನೆದರೂ, ಬಿಸಿಲಿಗೆ ಬಿದ್ದರೂ ಹೋಗುವುದಿಲ್ಲ, ನಾನೇ ಪರೀಕ್ಷೆ ಮಾಡಿಸಿದೆ.

ಫಿಝಾ ನನ್ನ ಮನೆಗೆ ಯಾಕೆ ಬರಲಿಲ್ಲವೆಂದು ಈಗಲೂ ಅರ್ಥವಾಗಿಲ್ಲ. ನನ್ನ ಮನೆಯಿಂದ ಏರ್‌ಪೋರ್ಟ್ ಏನು ದೂರ? ಈಗಿನ ಹುಡುಗರಿಗೆ ಲಿಫ್ಟು, ಜಿಮ್ಮು ಎಲ್ಲ ಬೇಕು, ಹಳೇ ಮಹಡಿ ಮನೆ ಹಿಡಿಸುವುದಿಲ್ಲ. ಇರಲಿ, ನಾನು ಬೇಸರ ಮಾಡಿಕೊಂಡಿಲ್ಲ ಎಂದು ಅವಳಿಗೆ ಹೇಳು.

ರವಿ

&nbsp;

ದೊಡ್ಡಬಳ್ಳಾಪುರ
9 ಮಾರ್ಚ್ 2023

ರವಿ,

ಕಾರ್ಡು ನೋಡಿದೆ. ಬಣ್ಣಕ್ಕಿಂತ ಮುಖ ಚೆನ್ನಾಗಿದೆ. ಹಣೆ ಅಗಲ, ಎಡಗಡೆ ಹುಬ್ಬಿನ ಮೇಲೆ ಒಂದು ಗಾಯದ ಗುರುತು. ಅಷ್ಟು ತಮಾಷೆಯ ಮನುಷ್ಯ ಅನ್ನುತ್ತೀಯ, ಒಂದಿಷ್ಟು ನಗಬಾರದಿತ್ತೇ? ಸರ್ಕಾರಿ ಕ್ಯಾಮೆರಾ ಎದುರು ಎಲ್ಲ ದೇಶದವರೂ ಒಂದೇ ಥರ ಕೂರುತ್ತಾರೆಂದು ಕಾಣುತ್ತದೆ. ಹಮೀದಾ "ಪಾಪ, ಊಟ ಸರಿಯಾಗಿ ಮಾಡ್ತಾರೋ ಇಲ್ವೋ" ಎಂದಳು. ಚಿತ್ರವನ್ನು ಅತೀಫ್ ಜೋಪಾನವಾಗಿ ಎತ್ತಿಟ್ಟಿದ್ದಾನೆ.

ಫಿಝಾ ಹೊಸಕೋಟೆಯಲ್ಲಿ ನನ್ನ ನಾದಿನಿಯ ಮನೆಯಲ್ಲಿ ಉಳಿದುಕೊಂಡಿದ್ದಾಳೆ. ಅಲ್ಲಿಂದ ರಾತ್ರಿ ಪಾಳಿಗೂ ಬಸ್ಸು ಸಿಗುತ್ತದೆ, ಎರಡು ಬದಲಾಯಿಸಬೇಕು, ಅಭ್ಯಾಸವಾಗಿದೆ. ನೀನು ಬೇಸರ ಮಾಡಿಕೊಂಡಿಲ್ಲವೆಂದು ಹೇಳಿದೆ.

ಕಲೀಮ

&nbsp;

ಕರಾಂಬೆ
21 ನವೆಂಬರ್ 2023

ಕಲೀಮ,

ತಿಂಗಳುಗಟ್ಟಲೆ ಬರೆಯಲಿಲ್ಲ, ತಲೆ ಎತ್ತಲು ಪುರುಸೊತ್ತಿಲ್ಲ. ಗುಡ್ಡದ ಒಂದು ಹಳ್ಳಿಗೆ ಹೋಗಿದ್ದೆ. ಒಬ್ಬ ಮುದುಕಿ ಒಂದೂವರೆ ಪಾಲು ಜೋಳ ಹೊತ್ತುಕೊಂಡು ಬಂದವಳು ಕಾರ್ಡನ್ನು ಕಣ್ಣಿಗೊತ್ತಿಕೊಂಡಳು. ಶಾಮಲಾ ಇದ್ದಿದ್ದರೆ ಅದನ್ನು ನೋಡಬೇಕಿತ್ತು. ನನ್ನ ಸರ್ವಿಸಿನಲ್ಲಿ ನಾನು ಅಳುವುದನ್ನು ಯಾರೂ ನೋಡಿಲ್ಲ, ತೊಮಾಸಿ ನೋಡಿಬಿಟ್ಟ.

ಬರುವ ಚುನಾವಣೆಯ ಬಿಸಿ ಶುರುವಾಗಿದೆ. ಗುಡ್ಡದವರಿಗೆ ಮಾತ್ರ ಯಾಕೆ ಹೆಚ್ಚು ಎಂದು ಹೊಳೆಯವರ ಹುಡುಗರು ಗೋಡೆಗಳ ಮೇಲೆ ಬರೆಯುತ್ತಿದ್ದಾರೆ. ಒಂದು ಕಡೆ ಹಸಿರು ಬಣ್ಣ ಎರಚಿದ್ದರು. ಹೊಸ ದೇಶ, ಹಲ್ಲು ಬರುವ ಮಗುವಿನ ಹಾಗೆ ಒಂದಿಷ್ಟು ಜ್ವರ ಬರುವುದೇ. ಸೈನ್ಯ ಎಲ್ಲ ಕಡೆ ಇದೆ, ಹೆದರುವಂಥದ್ದೇನೂ ಇಲ್ಲ.

ರವಿ

&nbsp;

ಕರಾಂಬೆ
6 ಫೆಬ್ರವರಿ 2024

ಕಲೀಮ,

ಟೀವಿಯಲ್ಲಿ ತೋರಿಸುತ್ತಿರುವ ಗಲಭೆಯನ್ನು ನೋಡಿ ಗಾಬರಿಯಾಗಬೇಡ. ನಾವಿರುವ ಬೀದಿ ಶಾಂತವಾಗಿದೆ. ಕಚೇರಿ ನಡೆಯುತ್ತಿದೆ. ಊರಿಂದ ಹೊರಗೆ ಹೋಗುವ ದಾರಿಗಳಲ್ಲಿ ಮಾತ್ರ ಸೈನಿಕರು ಗೇಟು ಹಾಕಿ ಬಸ್ಸು ನಿಲ್ಲಿಸಿ ತಪಾಸಣೆ ಮಾಡುತ್ತಾರೆ.

ತೊಮಾಸಿ ಹೆಂಡತಿ ಮರಿಯಾಳನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಹೋದ ತಿಂಗಳೇ ಗಡಿಯಾಚೆಗೆ ಕಳಿಸಿದ. ಈ ತಿಂಗಳ ಹಂಚಿಕೆ ಮುಗಿಸಿ ಹೋಗಯ್ಯಾ ಎಂದು ನಾನು ಕೇಳಿದ್ದಕ್ಕೆ ಅವನು ಉಳಿದ. ನಿನ್ನೆ ಬಂದು ಒಂದು ಸಹಾಯ ಕೇಳಿದ. ಕಾರ್ಡಿನ ವಿಷಯ, ವಿವರ ಬೇಡ. ನಿಯಮಕ್ಕೆ ಹೊಂದುವಂಥದ್ದಲ್ಲ, ಆಗುವುದಿಲ್ಲ ಎಂದೆ. ನಗುತ್ತಲೇ ಹೋದ.

ಸರಿ ತಾನೆ ನಾನು ಮಾಡಿದ್ದು?

ರವಿ

&nbsp;

ದೊಡ್ಡಬಳ್ಳಾಪುರ
7 ಫೆಬ್ರವರಿ 2024

ಪ್ರಿಯ ರವಿ,

ಖಂಡಿತ ಸರಿ. ಯಾರೋ ನೆಂಟರಿಗೆ ಎರಡನೇ ಕಾರ್ಡು ಬೇಕಾಗಿತ್ತೇನೋ, ಅಲ್ಲವೇ? ಎಷ್ಟು ಹತ್ತಿರದವನಾದರೂ ಇಂಥ ವಿಷಯದಲ್ಲಿ ದಾಕ್ಷಿಣ್ಯ ಕೂಡದು. ಸ್ವಂತ ಭಾವಮೈದುನನ ಬೋಗಸ್ ಕಾರ್ಡು ರದ್ದು ಮಾಡಿ ಮೂರು ವರ್ಷ ಮಾತು ಬಿಡಿಸಿಕೊಂಡವನು ನೀನು. ಆ ಊರಿನಲ್ಲೂ ಹಾಗೇ ಇರು. ನಿನ್ನ ಸ್ನೇಹಿತನೆಂದು ಹೇಳಿಕೊಳ್ಳಲು ನನಗೆ ಹೆಮ್ಮೆ ಕಣೋ.

ಆದರೆ ಬೇಗ ವಾಪಸ್ ಬಾ. ಟೀವಿ ನೋಡಿದರೆ ಶಾಂತವಾಗಿರುವ ಹಾಗೆ ಕಾಣುವುದಿಲ್ಲ.

ಕಲೀಮ

&nbsp;

ದೊಡ್ಡಬಳ್ಳಾಪುರ
2 ಮಾರ್ಚ್ 2024

ರವಿ,

ಮೂರು ವಾರವಾಯಿತು. ಒಂದು ಸಾಲು ಬರೆ.

ಕಲೀಮ

&nbsp;

ದೊಡ್ಡಬಳ್ಳಾಪುರ
30 ಮಾರ್ಚ್ 2024

ರವಿ,

ಭೀಮರಾಜ್ ನಿನ್ನ ಸಂಸ್ಥೆಯವರಿಗೆ ಫೋನ್ ಮಾಡಿದ್ದನಂತೆ, ಸುರಕ್ಷಿತವಾಗಿದ್ದಾರೆ ಎಂದಷ್ಟೇ ಹೇಳಿದರಂತೆ. ಹಮೀದಾ ರೋಜಾ ಬಿಡುವಾಗ ದಿನಾ ನಿನ್ನ ಹೆಸರು ಹೇಳಿ ದುವಾ ಮಾಡುತ್ತಾಳೆ. ನಾನು ಊಟದ ಮುಂದೆ ಕೂತು ಕಂಪ್ಯೂಟರ್ ನೋಡುತ್ತೇನೆ, ಅವಳು ಬಯ್ಯುತ್ತಾಳೆ. ತೊಮಾಸಿ ಹೇಗಿದ್ದಾನೆ?

ಕಲೀಮ

&nbsp;

ಗಡಿಯಾಚೆಯ ಒಂದು ಹೋಟೆಲ್
19 ಏಪ್ರಿಲ್ 2024

ಕಲೀಮ,

ಬದುಕಿದ್ದೇನೆ. ವಿದೇಶದವರನ್ನೆಲ್ಲ ವಿಮಾನದಲ್ಲಿ ಕರೆದುಕೊಂಡು ಬಂದರು.

ತೊಮಾಸಿ ಎರಡನೇ ಕಾರ್ಡು ಕೇಳಿರಲಿಲ್ಲ. ಅವನಿಗೇ ನೀಲಿ ಪಟ್ಟೆಯ ಒಂದು ಕಾರ್ಡು ಕೇಳಿದ್ದ.

ಗೇಟುಗಳಲ್ಲಿ ಏನಾಗುತ್ತಿದೆ ಎಂದು ಅವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನಿನಗೆ ಬರೆಯಲಿಲ್ಲ. ಹೊಳೆಯ ಕಡೆಯ ಸೈನಿಕರು ಬಸ್ಸು ನಿಲ್ಲಿಸಿ ಎಲ್ಲರಿಗೂ ಕಾರ್ಡು ಎತ್ತಿ ಹಿಡಿಯಲು ಹೇಳುತ್ತಿದ್ದರು. ಮುಖ ನೋಡಿದರೆ ಯಾರೆಂದು ತಿಳಿಯುವುದಿಲ್ಲ, ಮಾತಾಡಿಸಿದರೂ ತಿಳಿಯುವುದಿಲ್ಲ, ಆ ಸೈನಿಕರಿಗೆ ಓದಲೂ ಬರುವುದಿಲ್ಲ. ಪಟ್ಟೆ ಕಾಣುತ್ತದೆ. ಮಾರು ದೂರದಿಂದ ಕಾಣಬೇಕೆಂದು ಮಾಡಿದ್ದು ನಾನು. ಹಸಿರಿನವರನ್ನು ಇಳಿಸಿಕೊಂಡು ಬಸ್ಸು ಮುಂದೆ ಬಿಡುತ್ತಿದ್ದರು. ಕಾರ್ಡಿಲ್ಲದವರನ್ನೂ ಇಳಿಸುತ್ತಿದ್ದರು.

ಅವನು ನನ್ನ ರೂಮಿಗೆ ಬಂದು ಬಾಗಿಲು ಹಾಕಿಕೊಂಡ. ಖಾಲಿ ಕಾರ್ಡುಗಳು ನನ್ನ ಬೀರುವಿನಲ್ಲಿದ್ದವು, ಯಂತ್ರ ಅಲ್ಲೇ ಇತ್ತು, ಎರಡು ನಿಮಿಷದ ಕೆಲಸ. "ಸ್ವಲ್ಪ ಅಡ್ಜಸ್ಟ್ ಮಾಡಿ ಸಾರ್" ಎಂದ. ಕನ್ನಡದಲ್ಲಿ ಕೇಳಿದ. ನಾನು ಏನೆಂದೆ ಗೊತ್ತೇನೋ? ಸುಳ್ಳು ಕಾರ್ಡು ಇವತ್ತಿಗೂ ನನ್ನ ಕೈಯಿಂದ ಹೊರಗೆ ಹೋಗಿಲ್ಲ ತೊಮಾಸಿ, ಒಬ್ಬರಿಗೆ ಮಾಡಿದರೆ ಇಡೀ ವ್ಯವಸ್ಥೆಯ ಮೇಲಿನ ನಂಬಿಕೆ ಹೋಗುತ್ತದೆ, ಸೈನ್ಯದವರ ಹತ್ತಿರ ನಾಳೆ ನಾನೇ ಮಾತಾಡುತ್ತೇನೆ ಎಂದೆ. ಅವನು ನನಗೆ ಬೇಸರವಾಗದಿರಲೆಂದು ನಕ್ಕ.

ಏಳನೇ ತಾರೀಕು ಮಧ್ಯಾಹ್ನ ಬಸ್ಸು ಹತ್ತಿದನಂತೆ. ಬಸ್ಸು ಗಡಿ ಮುಟ್ಟಿತು. ಅವನು ಮುಟ್ಟಲಿಲ್ಲ.

ನಿನ್ನ ಫೆಬ್ರವರಿಯ ಕಾಗದ ನನಗೆ ಅವತ್ತೇ ಸಿಕ್ಕಿತ್ತು. ಹೆಮ್ಮೆ ಎಂದು ನೀನು ಬರೆದಿದ್ದೆ. ಅದನ್ನು ಓದಿ ನನಗೆ ಸಮಾಧಾನವಾಯಿತು ಕಲೀಮ. ಆ ದಿನ ಬೆಳಿಗ್ಗೆ, ಅವನು ಇನ್ನೂ ಊರಲ್ಲೇ ಇದ್ದಾಗ, ಒಂದು ಕಾರ್ಡು ಮಾಡಿಬಿಡಲೇ ಎಂದು ಯಂತ್ರದ ಮುಂದೆ ಕೂತಿದ್ದೆ. ನಿನ್ನ ಕಾಗದ ಓದಿ ಎದ್ದುಬಿಟ್ಟೆ. ನಿನ್ನ ಮೇಲೆ ಹಾಕುತ್ತಿಲ್ಲ. ನಾನು ವಿವರ ಮುಚ್ಚಿಟ್ಟು ಸರಿ ತಾನೆ ಎಂದು ಕೇಳಿದೆ, ನೀನು ಸರಿ ಎಂದೆ.

ರವಿ

&nbsp;

ದೊಡ್ಡಬಳ್ಳಾಪುರ
11 ಆಗಸ್ಟ್ 2024

ರವಿ,

ನೀನು ಮೇ ತಿಂಗಳಲ್ಲೇ ಊರಿಗೆ ಬಂದೆ ಎಂದು ಭೀಮರಾಜ್ ಹೇಳಿದ. ರಾಜಘಟ್ಟದಲ್ಲಿ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿದ್ದೀಯಂತೆ. ಸಂಜೆ ಮಾತ್ರ ಹಳೆಯ ಬೌದ್ಧ ಚೈತ್ಯ ಸಿಕ್ಕಿತೆಂದು ಅಗೆದ ಆ ದಿಬ್ಬದ ಕಡೆ ಹೋಗಿ ಕೂರುತ್ತೀಯಂತೆ. ನಮ್ಮ ಮನೆಯಿಂದ ಅಲ್ಲಿಗೆ ಆಟೋದಲ್ಲಿ ಬಂದುಬಿಡಬಹುದು. ಸಾವಿರಾರು ಮೈಲಿ ದೂರದಲ್ಲಿದ್ದಾಗ ಬರೆಯುತ್ತಿದ್ದವರು ಈಗ ಇಬ್ಬರೂ ಬಾಯಿ ಮುಚ್ಚಿಕೊಂಡು ಕೂತಿದ್ದೇವೆ.

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಎಷ್ಟೋ ಸಲ ಕೂತು ಅಳಿಸಿದೆ. ನಿನ್ನದು ತಪ್ಪಲ್ಲ ಎಂದು ಬರೆದರೆ ಅದು ಸುಳ್ಳು. ತಪ್ಪು ಎಂದು ಬರೆಯಲು ನಾನು ಯಾರು? ನಿನಗೆ ನಾನು ಒಂದು ವಿಷಯ ಹೇಳದೆ ಉಳಿಸಿಕೊಂಡಿದ್ದೇನೆ, ಅದನ್ನು ಹೇಳದೆ ಬೇರೆ ಏನು ಬರೆದರೂ ಅದು ಕಾಗದವಾಗುವುದಿಲ್ಲ.

ಫಿಝಾಗೆ ನಿನ್ನ ಮನೆ ದೂರವಾಗಿರಲಿಲ್ಲ. ಲಿಫ್ಟೂ ಬೇಕಾಗಿರಲಿಲ್ಲ. ನೀನು ಹೇಳಿದ ವಾರವೇ ನಾನು, ಹಮೀದಾ, ಫಿಝಾ ಹೋದೆವು. ಮುನಿರತ್ನಕ್ಕ ಕಾಫಿ ಕೊಟ್ಟರು, ಮಹಡಿ ತೋರಿಸಿದರು. ಫಿಝಾ ಕಿಟಕಿ ತೆಗೆದು ನೋಡಿ ಇಲ್ಲಿ ಮಂಚ ಹಾಕ್ತೀನಿ ಅಂದಳು. ಕೆಳಗೆ ಬಂದ ಮೇಲೆ ಅಕ್ಕ ಅವಳ ತಲೆ ಸವರಿ ಹೇಳಿದರು, "ನಂಗೇನಿಲ್ಲ ಕಣಮ್ಮ, ನೀನು ನಮ್ಮನೆ ಮಗೂನೇ. ಈ ಬೀದಿಯೋರ್ದೇ ತಾಪತ್ರಯ. ಯಾರಾದ್ರೂ ಕೇಳಿದ್ರೆ ಪ್ರಿಯಾ ಅಂತ ಹೇಳ್ಬಿಡು, ಆಫೀಸ್‌ಗೆ ಹೋಗೋವಾಗ ಸೆರಗು ತಲೆ ಮೇಲೆ ಬೇಡ, ಅಷ್ಟೇಯ. ನಡೆದೋಗುತ್ತೆ." ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ರವಿ. ಮನೆ ಕೊಡಬೇಕೆಂದೇ ಹೇಳಿದರು. ಅದೇ ಹೆಚ್ಚು ನೋವಾಯಿತು.

ಫಿಝಾ, "ಬೇಡ ಆಂಟಿ, ಥ್ಯಾಂಕ್ಸ್" ಎಂದಳು. ಬಸ್ಸಿನಲ್ಲಿ ಬರುವಾಗ "ಅಬ್ಬಾ, ರವಿ ಅಂಕಲ್‌ಗೆ ಹೇಳ್ಬೇಡಿ, ಅವ್ರು ಬೇಜಾರ್ ಮಾಡ್ಕೋತಾರೆ" ಎಂದಳು. ನಾನೂ ಹೇಳಲಿಲ್ಲ. ನಲವತ್ತೈದು ವರ್ಷದ ಸ್ನೇಹಕ್ಕೆ ಗೀರು ಬೀಳಬಾರದು ಅಂತ. ನಿನ್ನ ಪಟ್ಟೆಯ ಕಾಗದಕ್ಕೆ ನಾನು ಉತ್ತರ ಬರೆದದ್ದು ಅದಾದ ಮೇಲೆಯೇ. ಕುರ್ಚಿ, ಗಣತಿ ಎಂದು ಹಳೆಯ ಕಥೆ ಹೇಳಿದೆ. ಹೊಸದು ಇತ್ತು, ನಿನ್ನ ಮನೆಯಲ್ಲೇ ಆದದ್ದಿತ್ತು. ಅದನ್ನು ಬರೆದಿದ್ದರೆ ನೀನು ಆ ಬಣ್ಣ ಹಾಕುತ್ತಿರಲಿಲ್ಲ. ನನಗೆ ನಿನ್ನ ಗುಣ ಗೊತ್ತು. ಹಾಕುತ್ತಿರಲಿಲ್ಲ.

ಕಲೀಮ

&nbsp;

ರಾಜಘಟ್ಟ
6 ಅಕ್ಟೋಬರ್ 2024

ಕಲೀಮ,

ನಿನ್ನ ಕಾಗದ ಓದಿ ದೇವನಹಳ್ಳಿಗೆ ಹೋದೆ. ಅಕ್ಕನನ್ನು ಚೆನ್ನಾಗಿ ಬಯ್ಯಬೇಕೆಂದೇ ಹೋದೆ. ಅವಳು ಎಳೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಕೇಳಿದೆ. "ಅಯ್ಯೋ, ಅದಕ್ಕೇನೀಗ? ಒಂದು ಹೆಸರು ತಾನೆ ಕಣಪ್ಪಾ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡಿದ್ರೆ ಆರಾಮಾಗಿ ಇರ್ಬೋದಿತ್ತು ಮಗು" ಎಂದಳು. ನಾನೂ ಅಲ್ಲೇ ಕೂತು ಅವರೆಕಾಯಿ ಸುಲಿದುಕೊಟ್ಟು ಬಂದೆ. ಯಾವ ಮುಖದಲ್ಲಿ ಬಯ್ಯಲಿ?

ಮೊನ್ನೆ ಶುಕ್ರವಾರ ನಿಮ್ಮ ಮನೆಗೆ ಬಂದಿದ್ದೆ. ನೀನು ನಮಾಜಿಗೆ ಹೋಗಿದ್ದೆ ಅನ್ನಿಸುತ್ತದೆ. ಬಾಗಿಲು ತಟ್ಟಿದೆ. ಒಳಗಿನಿಂದ ಹಮೀದಾ "ಕೌನ್?" ಎಂದರು. ಮಗ್ಗದ ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ಮತ್ತೆ "ಯಾರದು?" ಎಂದರು. ಕಲೀಮ, ಸಾವಿರಾರು ಜನಕ್ಕೆ ಅದೇ ಪ್ರಶ್ನೆ ಕೇಳಿಸಿದವನು ನಾನು. ಅವರು ಬಾಗಿಲು ತೆಗೆಯುವುದರೊಳಗೆ ರಸ್ತೆಗೆ ಬಂದುಬಿಟ್ಟೆ.

ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಮರಿಯಾಳ ಇಮೇಲ್ ಬಂದಿದೆ, ನಿರಾಶ್ರಿತರ ಶಿಬಿರದಿಂದ ಯಾರ ಕೈಲೋ ಬರೆಸಿದ್ದಾಳೆ. "ಸಾರ್, ನಮ್ಮ ಮನೆ ಸುಟ್ಟುಹೋಗಿದೆ. ಅವರ ಒಂದು ಫೋಟೊವೂ ನನ್ನ ಹತ್ತಿರ ಇಲ್ಲ. ಕಾರ್ಡಿಗೆ ತೆಗೆದದ್ದು ನಿಮ್ಮಲ್ಲಿ ಇದ್ದರೆ ಕಳಿಸಿ. ಚಿಕ್ಕವಳು ಅಪ್ಪನ ಮುಖ ಮರೆಯುತ್ತಿದ್ದಾಳೆ." ಅಷ್ಟೇ ಇದೆ. ನಾನು ಮಾಡಿದ್ದು ಅವಳಿಗೆ ಗೊತ್ತಿಲ್ಲವೋ, ಗೊತ್ತಿದ್ದೂ ಬರೆದಿಲ್ಲವೋ.

ಬರುವಾಗ ಕಂಪ್ಯೂಟರ್ ಅಲ್ಲೇ ಬಿಟ್ಟೆ. ಗೇಟಿನಲ್ಲಿ ತೊಂದರೆಯಾಗುತ್ತದೆಂದು ಹೆದರಿ ಫೋನಿನಲ್ಲಿದ್ದ ಚಿತ್ರ, ಕಾಗದ ಎಲ್ಲವನ್ನೂ ನಾನೇ ಅಳಿಸಿಹಾಕಿದೆ. ಅವನ ಮುಖ ನನ್ನ ಹತ್ತಿರವೂ ಇಲ್ಲ. ನಿನಗೆ ಕಳಿಸಿದ್ದ ಆ ಮಾದರಿ ಕಾರ್ಡಿನ ಚಿತ್ರ ಅತೀಫ್ ಎತ್ತಿಟ್ಟಿದ್ದಾನೆ ಎಂದು ನೀನು ಬರೆದಿದ್ದೆ. ಇದೆಯೇ? ಇದ್ದರೂ ಅದನ್ನು ಆ ಹೆಂಗಸಿಗೆ ಹೇಗೆ ಕಳಿಸಲಿ? ಆ ಪಟ್ಟೆಯ ಸಮೇತ ಹೇಗೆ ಕಳಿಸಲಿ?

ರವಿ

&nbsp;

ದೊಡ್ಡಬಳ್ಳಾಪುರ
7 ಅಕ್ಟೋಬರ್ 2024

ರವಿ,

ಇದೆ.

ರಾತ್ರಿ ಅತೀಫ್‌ನನ್ನು ಕೂರಿಸಿಕೊಂಡು ಪಟ್ಟೆ ತೆಗೆಸಿದೆ. ಕಾರ್ಡಿನ ನಂಬರು, ಮುದ್ರೆ, ಎಲ್ಲ ತೆಗೆಸಿದೆ. ಮುಖ ಮಾತ್ರ ಇದೆ, ಹುಬ್ಬಿನ ಮೇಲಿನ ಗಾಯವೂ ಇದೆ. ಕೆಳಗೆ ಅವನ ಹೆಸರು ಹಾಗೇ ಬಿಟ್ಟಿದ್ದೇನೆ. ತೆಗೆಯಲೇ ಎಂದು ಅತೀಫ್ ಕೇಳಿದ. ಹೊಸಕೋಟೆಯಿಂದ ಬಂದಿದ್ದ ಫಿಝಾ ಬಾಗಿಲಲ್ಲಿ ನಿಂತಿದ್ದಳು, "ಹೆಸರು ಇರ್ಲಿ" ಎಂದಳು.

ಲಗತ್ತಿಸಿದ್ದೇನೆ. ಮರಿಯಾಗೆ ನೀನೇ ಕಳಿಸಬೇಕು, ನಾನು ಕಳಿಸುವುದಿಲ್ಲ. ಜೊತೆಗೆ ಏನು ಬರೆಯಬೇಕೆಂದು ತಿಳಿಯದಿದ್ದರೆ ಇಲ್ಲಿಗೆ ಬಾ, ಇಬ್ಬರೂ ಕೂತು ಬರೆಯೋಣ. ಹಮೀದಾಗೆ ಹೇಳಿದ್ದೇನೆ, ಬಾಗಿಲು ತೆರೆದೇ ಇರುತ್ತದೆ. ತಟ್ಟಬೇಡ, ಸುಮ್ಮನೆ ಒಳಗೆ ಬಾ.

ಕಲೀಮ